ಐವತ್ತರ ನಂತರದ ಪದವಿ: ಆಸ್ಟ್ರೇಲಿಯಾದ ಅಬೊರಿಜಿನಲ್ ಮಹಿಳೆಯರು ವಿಶ್ವವಿದ್ಯಾಲಯಕ್ಕೆ ಬರುವ ದಾರಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಕೆಲವು ವರ್ಷಗಳಿಂದ ದಕ್ಷಿಣ ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ನಮ್ಮ ವಾರ್ಡಿನಲ್ಲಿ ಕೆಲಸ ಮಾಡುವ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತೆಯೊಬ್ಬರು ಐವತ್ತು ದಾಟಿದ ಮೇಲೆ ನರ್ಸಿಂಗ್ ಪದವಿಗೆ ಸೇರಿದ್ದಾರೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವರು, ಮನೆಯಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿದ್ದಾರೆ. ಸೀಟು ಸುಲಭವಾಗಿ ಸಿಕ್ಕಿತು, ಓದು ಉಚಿತ, ಸಾವಿನ ಮನೆಗೆಂದು ಮೇಲಿಂದ ಮೇಲೆ ತರಗತಿ ತಪ್ಪಿಸುತ್ತಾರೆ, ಕೊನೆಗೆ ಮುಗಿಸುವುದಿಲ್ಲ ಎಂದು ಕೆಲವರು ಮಾತಾಡಿಕೊಳ್ಳುತ್ತಾರೆ. ಇಷ್ಟು ತಡವಾಗಿ ಅವರು ಏಕೆ ಓದಲು ಹೊರಟಿದ್ದಾರೆ, ಈ ಮಾತುಗಳಲ್ಲಿ ಎಷ್ಟು ನಿಜವಿದೆ, ನನ್ನಿಂದ ಏನಾದರೂ ಸಹಾಯ ಆಗಬಹುದೇ?

ಉತ್ತರ: ನಿಮ್ಮ ಸಹೋದ್ಯೋಗಿಯಂಥವರು ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಿಗೆ ಹೊಸಬರಲ್ಲ. ಅಲ್ಲಿ ಓದುತ್ತಿರುವ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೈಟ್ ದ್ವೀಪಗಳ ವಿದ್ಯಾರ್ಥಿಗಳಲ್ಲಿ, ಅಂದರೆ ದೇಶದ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ, ಸುಮಾರು ಮೂರನೇ ಎರಡು ಭಾಗ ಮಹಿಳೆಯರು. ಉಳಿದ ವಿದ್ಯಾರ್ಥಿಗಳೊಂದಿಗೆ ಹೋಲಿಸಿದರೆ ಇವರಲ್ಲಿ ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ದುಡಿದು, ಮಕ್ಕಳನ್ನು ಬೆಳೆಸಿ ಬರುವವರ ಪಾಲು ಹೆಚ್ಚು. ಅವರು ಹೆಚ್ಚಾಗಿ ಆರಿಸಿಕೊಳ್ಳುವುದು ಆರೋಗ್ಯ, ಶಿಕ್ಷಣ, ಸಮಾಜಕಾರ್ಯಗಳಂಥ ವಿಷಯಗಳನ್ನು. ವಯಸ್ಸಾದ ಮೇಲೆ ವಿಶ್ವವಿದ್ಯಾಲಯಕ್ಕೆ ಬರುವವರಿಗೆ ಬರವಣಿಗೆ ಮತ್ತು ಅಧ್ಯಯನದ ಕ್ರಮವನ್ನು ಕಲಿಸುವುದು ನನ್ನ ವೃತ್ತಿ, ಮತ್ತು ಈ ಮಹಿಳೆಯರಲ್ಲಿ ಅನೇಕರನ್ನು ತರಗತಿಯಲ್ಲಿ ಹತ್ತಿರದಿಂದ ಕಂಡಿದ್ದೇನೆ. ಆದರೂ ನಾನು ಅವರ ಸಮುದಾಯದವಳಲ್ಲ. ಅವರ ಬದುಕಿನ ಒಳಗಿನ ಮಾತನ್ನು ಅವರೇ ಹೇಳಬೇಕು. ತರಗತಿಯ ಮತ್ತು ಸಂಸ್ಥೆಯ ಕಡೆಯಿಂದ ಕಾಣುವುದನ್ನಷ್ಟೇ ನಾನು ಇಲ್ಲಿ ಬರೆಯುತ್ತೇನೆ. ಮೊದಲೇ ಒಂದು ಮಾತು: ಇವರು ಓದು ಮುಗಿಸುತ್ತಾರೋ ಇಲ್ಲವೋ ಎಂಬುದನ್ನು ಅವರ ಛಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಕೋರ್ಸನ್ನು ಹೇಗೆ ಜೋಡಿಸಲಾಗಿದೆ ಎಂಬ ಸಂಗತಿ. ಛಲಕ್ಕೆ ಅವರಲ್ಲಿ ಕೊರತೆಯಿರುವುದನ್ನು ನಾನು ಕಂಡಿಲ್ಲ.

ತಡವಾದದ್ದು ಏಕೆ ಎಂಬುದಕ್ಕೆ ನೀವಿರುವ ರಾಜ್ಯದ ಇತಿಹಾಸವೇ ಉತ್ತರ ಕೊಡುತ್ತದೆ. ದಕ್ಷಿಣ ಆಸ್ಟ್ರೇಲಿಯಾದ 1911ರ ಅಬೊರಿಜಿನೀಸ್ ಕಾಯ್ದೆಯು ಸರ್ಕಾರದ ಮುಖ್ಯ ಸಂರಕ್ಷಕ ಎಂಬ ಅಧಿಕಾರಿಯನ್ನು ಪ್ರತಿಯೊಂದು ಅಬೊರಿಜಿನಲ್ ಮಗುವಿನ ಕಾನೂನುಬದ್ಧ ಪಾಲಕನನ್ನಾಗಿ ಮಾಡಿತು. ತಂದೆ ತಾಯಿ ಬದುಕಿದ್ದರೂ ಮಗುವಿನ ಮೇಲಿನ ಹಕ್ಕು ಅವನದೇ. ತಾಯಂದಿರಿಂದ ಬೇರ್ಪಡಿಸಿದ ಹೆಣ್ಣುಮಕ್ಕಳನ್ನು ಮಿಷನ್ ಮತ್ತು ಹಾಸ್ಟೆಲುಗಳಲ್ಲಿ ಬೆಳೆಸಿ, ಹದಿನಾಲ್ಕು ಹದಿನಾರರ ವಯಸ್ಸಿಗೆ ಬಿಳಿಯರ ಮನೆಗೆಲಸಕ್ಕೆ ಕಳುಹಿಸುವುದು ದೇಶದ ಬಹುಭಾಗದಲ್ಲಿ ನಡೆದು ಬಂದ ಪದ್ಧತಿಯಾಗಿತ್ತು. ನ್ಯೂ ಸೌತ್ ವೇಲ್ಸ್‌ನ ಕೂಟಮಂಡ್ರ ಎಂಬ ಊರಿನಲ್ಲಿ ಇದಕ್ಕೆಂದೇ 1912ರಿಂದ 1969ರವರೆಗೆ ಅಬೊರಿಜಿನಲ್ ಹುಡುಗಿಯರ ಮನೆಗೆಲಸ ತರಬೇತಿ ಕೇಂದ್ರವೊಂದು ನಡೆಯಿತು. ಅಂಥ ಕಡೆ ಓದನ್ನು ಅಗತ್ಯಕ್ಕಿಂತ ಮುಂದಕ್ಕೆ ಒಯ್ಯುವ ಉದ್ದೇಶವೇ ಇರಲಿಲ್ಲ. ಅದೇ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ, ಬಿಳಿಯ ಪೋಷಕರು ಆಕ್ಷೇಪಿಸಿದರೆ ಅಬೊರಿಜಿನಲ್ ಮಕ್ಕಳನ್ನು ಹೊರಗಿಡುವ ಅಧಿಕಾರ ಮುಖ್ಯೋಪಾಧ್ಯಾಯರ ಕೈಯಲ್ಲಿ 1972ರವರೆಗೂ ಉಳಿದಿತ್ತು.

ನೀವು ನರ್ಸ್ ಆಗಿರುವುದರಿಂದ ಲೋವಿಚಾ ಒ'ಡೊನಹ್ಯೂ ಅವರ ಕಥೆ ನಿಮಗೆ ಗೊತ್ತಿರಬೇಕು. ಎರಡು ವರ್ಷದ ಮಗುವಾಗಿದ್ದಾಗ ತಾಯಿಯಿಂದ ಬೇರ್ಪಟ್ಟು ಕೋಲ್‌ಬ್ರೂಕ್ ಮಿಷನ್ ಮನೆಯಲ್ಲಿ ಬೆಳೆದ ಅವರು ಹದಿನಾರಕ್ಕೆ ವಿಕ್ಟರ್ ಹಾರ್ಬರ್‌ನ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸಿಂಗ್ ಆರಂಭಿಸಿ, ತರಬೇತಿ ಮುಂದುವರಿಸಲು ರಾಯಲ್ ಅಡಿಲೇಡ್ ಆಸ್ಪತ್ರೆಗೆ ಅರ್ಜಿ ಹಾಕಿದಾಗ ಅಬೊರಿಜಿನಲ್ ಎಂಬ ಕಾರಣಕ್ಕೆ ಅವರನ್ನು ತಿರಸ್ಕರಿಸಲಾಯಿತು. ರಾಜ್ಯ ಸರ್ಕಾರದ ಮುಖ್ಯಸ್ಥರಾದ ಪ್ರೀಮಿಯರ್‌ವರೆಗೂ ಮನವಿ ಒಯ್ದು ಹೋರಾಡಿದ ಮೇಲೆ 1954ರಲ್ಲಿ ಅವರಿಗೆ ಅಲ್ಲಿ ಪ್ರವೇಶ ಸಿಕ್ಕಿತು, ಮತ್ತು ಆ ಆಸ್ಪತ್ರೆಯ ಮೊದಲ ಅಬೊರಿಜಿನಲ್ ನರ್ಸಿಂಗ್ ತರಬೇತಿಯವರು ಅವರಾದರು. ಮುಂದೆ ದೇಶದ ಅತ್ಯಂತ ಗೌರವಾನ್ವಿತ ನಾಯಕಿಯರಲ್ಲಿ ಒಬ್ಬರಾಗಿ, 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಷ್ಟು ಸಮರ್ಥ ಹೆಣ್ಣುಮಗಳೊಬ್ಬಳು ಒಂದು ಆಸ್ಪತ್ರೆಯ ಬಾಗಿಲು ದಾಟಲು ಇಷ್ಟು ಮಾಡಬೇಕಾಗಿದ್ದ ಕಾಲದಲ್ಲಿ, ಅಷ್ಟು ಹೋರಾಡಲಾಗದ ಉಳಿದವರೆಲ್ಲ ಏನಾದರೆಂದು ಊಹಿಸುವುದು ಕಷ್ಟವಲ್ಲ.

ನಿಮ್ಮ ಸಹೋದ್ಯೋಗಿಯ ವಯಸ್ಸನ್ನು ನೋಡಿದರೆ ಅವರು ಶಾಲೆಗೆ ಹೋದದ್ದು 1980ರ ದಶಕದಲ್ಲಿ ಇರಬೇಕು. ಆ ಹೊತ್ತಿಗೆ ಈ ಕಾನೂನುಗಳು ಹೋಗಿದ್ದವು. ಆದರೆ ಅವರನ್ನು ಬೆಳೆಸಿದ ತಾಯಿ ಮತ್ತು ಅಜ್ಜಿ ಆ ಕಾನೂನುಗಳ ಕೆಳಗೆ ಬೆಳೆದವರು. ಶಾಲೆ ಎಂದರೆ ಅಧಿಕಾರಿಗಳು ಮಕ್ಕಳನ್ನು ಎಣಿಸಿ ಕರೆದೊಯ್ಯಬಹುದಾದ ಜಾಗ ಎಂಬ ಭಯ ಮನೆಯಲ್ಲಿತ್ತು. ಮನೆಪಾಠ ನೋಡಿಕೊಡುವಷ್ಟು ಓದಿದ ಹಿರಿಯರು ಇರಲಿಲ್ಲ. ತರಗತಿಯಲ್ಲಿ ಅಬೊರಿಜಿನಲ್ ಹುಡುಗಿಯರಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸುತ್ತಿರಲಿಲ್ಲ. ಹಿರಿಯ ಮಗಳು ಹದಿನೈದಕ್ಕೆ ಶಾಲೆ ಬಿಟ್ಟು ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಆ ಪೀಳಿಗೆಯ ಮನೆಗಳಲ್ಲಿ ಅಸಹಜವೆನಿಸುತ್ತಿರಲಿಲ್ಲ. ಕಾನೂನು ಮುಚ್ಚಿದ್ದ ಬಾಗಿಲನ್ನು ಕಾನೂನು ತೆರೆದ ಮೇಲೂ ಒಳಗೆ ಕಾಲಿಡಲು ಒಂದೆರಡು ಪೀಳಿಗೆಗಳೇ ಬೇಕಾದವು ಎಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ವಿಶ್ವವಿದ್ಯಾಲಯದ ಬಗ್ಗೆಯೇ ಇದ್ದ ಅಪನಂಬಿಕೆಯೂ ಇಲ್ಲಿ ಸೇರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಲೇಡ್‌ನ ಕೊರೊನರ್, ಅಂದರೆ ಅಸಹಜ ಸಾವುಗಳ ತನಿಖೆ ನಡೆಸುವ ಅಧಿಕಾರಿ, ಆಗಿದ್ದ ವಿಲಿಯಂ ರಾಮ್ಸೆ ಸ್ಮಿತ್ ಅಬೊರಿಜಿನಲ್ ಜನರ ಅಸ್ಥಿಗಳನ್ನು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಕಳುಹಿಸುತ್ತಿದ್ದರು. ಪೂರ್ವಜರ ಮೂಳೆಗಳನ್ನು ಅಳೆದು ಕಪಾಟಿನಲ್ಲಿಟ್ಟ ಸಂಸ್ಥೆಗಳೆಂದೇ ವಿಶ್ವವಿದ್ಯಾಲಯಗಳನ್ನು ಅರಿತಿದ್ದ ಕುಟುಂಬದಿಂದ ಮಗಳೊಬ್ಬಳು ಅಲ್ಲಿಗೆ ಓದಲು ಹೊರಟರೆ ಮನೆಯವರ ಮನಸ್ಸಿನಲ್ಲಿ ಹೆಮ್ಮೆಯ ಜೊತೆಗೆ ಆತಂಕವೂ ಇರುತ್ತದೆ. ಓದಿ ಮುಗಿಸಿದ ಮೇಲೆ ಇವಳು ನಮ್ಮವಳಾಗಿ ಉಳಿಯುತ್ತಾಳೆಯೇ ಎಂದು ಎದುರಿಗೇ ಕೇಳುವ ಬಂಧುಗಳೂ ಇದ್ದಾರೆ.

ಹಾಗೆಂದು ಬಾಗಿಲು ತಾನಾಗಿ ತೆರೆಯಿತು ಎಂದುಕೊಳ್ಳಬಾರದು. 1967ರ ಮೇ 27ರ ಜನಮತ ಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮತದಾರರು ಸಂವಿಧಾನದ ತಿದ್ದುಪಡಿಗೆ ಒಪ್ಪಿದ ಮೇಲೆ ಅಬೊರಿಜಿನಲ್ ಜನರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. 1969ರಲ್ಲಿ ಅಬ್‌ಸ್ಟಡಿ ಎಂಬ ವಿದ್ಯಾರ್ಥಿ ಭತ್ಯೆ ಆರಂಭವಾಯಿತು. 1974ರಲ್ಲಿ ಪ್ರಧಾನಿ ವಿಟ್ಲಮ್ ಅವರ ಸರ್ಕಾರ ಎಲ್ಲರಿಗೂ ವಿಶ್ವವಿದ್ಯಾಲಯದ ಶುಲ್ಕವನ್ನೇ ರದ್ದು ಮಾಡಿತು. ನಿಮ್ಮ ರಾಜ್ಯದ ಪಾತ್ರ ಇದರಲ್ಲಿ ದೊಡ್ಡದು. 1973ರಲ್ಲಿ ಅಡಿಲೇಡ್‌ನ ಸೌತ್ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಬೊರಿಜಿನಲ್ ಟಾಸ್ಕ್ ಫೋರ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಉನ್ನತ ಶಿಕ್ಷಣದಲ್ಲಿ ಅಬೊರಿಜಿನಲ್ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಬೆಂಬಲ ವ್ಯವಸ್ಥೆಗಳಲ್ಲಿ ಅದೇ ಮೊದಲನೆಯದು. ಶಾಲೆ ಪೂರೈಸದ, ಆದರೆ ಸಮುದಾಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ವಯಸ್ಕರನ್ನು ಅದು ಕರೆದು ತಂದಿತು.

ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್‌ನಲ್ಲಿ ಹುಟ್ಟಿದ ಜಾರು ಎಂಬ ಅಬೊರಿಜಿನಲ್ ಸಮುದಾಯದ ಮೇರಿಆನ್ ಬಿನ್-ಸಾಲಿಕ್ ಆ ದಾರಿಯಲ್ಲಿ ಬಂದವರು. ಡಾರ್ವಿನ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಬಹಳ ವರ್ಷ ನರ್ಸ್ ಆಗಿ ದುಡಿದ ಮೇಲೆ ಅಡಿಲೇಡ್‌ಗೆ ಬಂದು ಸಮಾಜಕಾರ್ಯ ಓದಿದರು, ನಂತರ ಅದೇ ಟಾಸ್ಕ್ ಫೋರ್ಸಿನ ಮುಖ್ಯಸ್ಥೆಯಾದರು, 1989ರಲ್ಲಿ ಐವತ್ತರ ಹೊಸ್ತಿಲಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಆಸ್ಟ್ರೇಲಿಯನ್ ಮೂಲನಿವಾಸಿ ಅವರೇ. ಶಾಲಾ ಶಿಕ್ಷಕಿಯಾಗಿ, ಎರಡು ಹೆಣ್ಣುಮಕ್ಕಳ ತಾಯಿಯಾಗಿದ್ದ ಪ್ಯಾಟ್ ಒ'ಶೇನ್ ಕಾನೂನು ಓದಿ 1976ರಲ್ಲಿ ದೇಶದ ಮೊದಲ ಅಬೊರಿಜಿನಲ್ ಬ್ಯಾರಿಸ್ಟರ್ ಆದರು. ಹದಿನೈದಕ್ಕೆ ಶಾಲೆ ಬಿಟ್ಟು ಟೈಪಿಸ್ಟ್ ಕೆಲಸಕ್ಕೆ ಸೇರಿದ್ದ ಜಾಕಿ ಹಗಿನ್ಸ್ 1980ರ ದಶಕದ ನಡುವಿನಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಇತಿಹಾಸಕಾರ್ತಿಯಾದರು. ಈ ಹೆಸರುಗಳನ್ನು ಅಸಾಧಾರಣ ಸಾಧಕಿಯರ ಪಟ್ಟಿಯಾಗಿ ಕೊಡುತ್ತಿಲ್ಲ. ನಡುವಯಸ್ಸಿನಲ್ಲಿ ಓದಿಗೆ ಮರಳುವುದು ಇಲ್ಲಿ ಅರ್ಧ ಶತಮಾನದಿಂದ ನಡೆದುಬಂದ ದಾರಿ ಎಂಬುದನ್ನು ತೋರಿಸುವುದಕ್ಕಾಗಿ ಕೊಡುತ್ತಿದ್ದೇನೆ.

ಇನ್ನು ನಿಮ್ಮ ಸಹೋದ್ಯೋಗಿ ಈ ವಯಸ್ಸಿನಲ್ಲಿ ನರ್ಸಿಂಗನ್ನೇ ಏಕೆ ಹಿಡಿದರು ಎಂಬುದಕ್ಕೆ ನಿಮ್ಮ ವೃತ್ತಿಯ ರಚನೆಯಲ್ಲೇ ಕಾರಣವಿದೆ. ಹಿಂದೆ ಇಲ್ಲಿ ನರ್ಸಿಂಗ್ ಎಂದರೆ ಆಸ್ಪತ್ರೆಯಲ್ಲೇ ಸಂಬಳ ಪಡೆಯುತ್ತ ಕಲಿಯುವ ತರಬೇತಿ. 1984ರಲ್ಲಿ ಕೇಂದ್ರ ಸರ್ಕಾರ ಅದನ್ನು ಉನ್ನತ ಶಿಕ್ಷಣಕ್ಕೆ ವರ್ಗಾಯಿಸಲು ನಿರ್ಧರಿಸಿತು, ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ ಆ ವರ್ಗಾವಣೆ ಪೂರ್ಣವಾಯಿತು. ಇದರಿಂದ ವೃತ್ತಿಗೆ ಬಲ ಬಂತು, ನಿಜ. ಆದರೆ ವಾರ್ಡಿನಲ್ಲೇ ಕಲಿತು ಮೇಲೇರಬಹುದಾಗಿದ್ದ ಮೆಟ್ಟಿಲು ಹೋಯಿತು. ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತೆಯ ಅರ್ಹತೆ ಸರ್ಟಿಫಿಕೇಟ್ ಮಟ್ಟದ್ದು. 2012ರಿಂದ ಆರೋಗ್ಯ ಪ್ರಾಕ್ಟೀಷನರ್ ಎಂಬ ನೋಂದಾಯಿತ ವರ್ಗ ರಾಷ್ಟ್ರಮಟ್ಟದಲ್ಲಿ ಬಂದಿದ್ದರೂ ನೋಂದಾಯಿತ ನರ್ಸ್ ಆಗಲು ಪದವಿಯೇ ಬೇಕು.

ಇದು ವಾರ್ಡಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ದೂರದ ಸಮುದಾಯದಿಂದ ಬಂದ ವೃದ್ಧೆಯೊಬ್ಬರು ಡಯಾಲಿಸಿಸ್ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ, ಅವರ ಪಕ್ಕದಲ್ಲಿ ಕೂತು ಅವರ ಸಂಬಂಧಗಳನ್ನು ಗುರುತು ಹಿಡಿದು, ಯಾವ ಮಗಳಿಗೆ ಫೋನ್ ಮಾಡಬೇಕೆಂದು ತಿಳಿದು ಚಿಕಿತ್ಸೆಗೆ ಒಪ್ಪಿಸುವವರು ಆರೋಗ್ಯ ಕಾರ್ಯಕರ್ತೆ. ನೋವಿಗೆ ಔಷಧ ಕೊಡಿ ಎಂದು ಅವರು ಹೇಳಬಹುದು. ಚಾರ್ಟಿಗೆ ಸಹಿ ಹಾಕಿ ಕೊಡುವವರು ನಿನ್ನೆ ಮೊನ್ನೆ ಪದವಿ ಮುಗಿಸಿ ಬಂದ ಇಪ್ಪತ್ತೆರಡರ ಹುಡುಗಿ. ಇಪ್ಪತ್ತು ವರ್ಷ ಹೀಗೆ ದುಡಿದವರು ಪದವಿಗೆ ಸೇರಿದಾಗ ಅವರು ಹೊಸದೊಂದು ಬದುಕನ್ನು ಹುಡುಕಿಕೊಂಡು ಹೋಗುತ್ತಿರುವುದಿಲ್ಲ. ಆಗಲೇ ಮಾಡುತ್ತಿರುವ ಕೆಲಸದಲ್ಲಿ ತಮ್ಮ ತೀರ್ಮಾನಕ್ಕೆ ತೂಕ ಬರಲಿ ಎಂದು ಹೋಗುತ್ತಿರುತ್ತಾರೆ. ಶಾಲಾ ಸಹಾಯಕಿಯರಾಗಿದ್ದು ಶಿಕ್ಷಕಿಯರಾಗಲು ಬರುವವರೂ, ಮಕ್ಕಳ ರಕ್ಷಣಾ ಇಲಾಖೆಯ ಎದುರು ಮೊಮ್ಮಕ್ಕಳ ಪರವಾಗಿ ವಾದಿಸಿ ಸಾಕಾಗಿ ಸಮಾಜಕಾರ್ಯ ಓದಲು ಬರುವವರೂ ಇದೇ ಕಾರಣವನ್ನು ಹೇಳುತ್ತಾರೆ.

ಸೀಟು ಸುಲಭವಾಗಿ ಸಿಕ್ಕಿತು ಎಂಬ ಮಾತಿಗೆ ಬರೋಣ. ಶಾಲೆ ಪೂರೈಸದ ವಯಸ್ಕರಿಗೆ ಬೇರೆ ಪ್ರವೇಶ ಮಾರ್ಗಗಳು ಆಸ್ಟ್ರೇಲಿಯಾದ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇವೆ, ಮತ್ತು ಅವು ಯಾವ ಜನಾಂಗದವರಿಗಾದರೂ ತೆರೆದಿವೆ: ವಯಸ್ಕರ ಅರ್ಹತಾ ಪರೀಕ್ಷೆ, ಪೂರ್ವಸಿದ್ಧತಾ ಕೋರ್ಸ್, ವೃತ್ತಿಪರ ಡಿಪ್ಲೊಮಾ. ಅಬೊರಿಜಿನಲ್ ಅರ್ಜಿದಾರರಿಗೆ ಇದರ ಜೊತೆಗೆ ಸಂದರ್ಶನ ಆಧಾರಿತ ಮಾರ್ಗವೂ ಅನೇಕ ಕಡೆ ಇರುತ್ತದೆ. 2024ರಿಂದ, ಪದವಿ ಕೋರ್ಸಿಗೆ ಆಯ್ಕೆಯಾದ ಎಲ್ಲ ಮೂಲನಿವಾಸಿ ವಿದ್ಯಾರ್ಥಿಗಳಿಗೂ, ವೈದ್ಯಕೀಯವನ್ನು ಬಿಟ್ಟು, ಸರ್ಕಾರದ ಸಹಾಯಧನವಿರುವ ಸೀಟು ಖಚಿತ. ಇಲ್ಲಿ ಗಮನಿಸಬೇಕಾದ್ದು ಆಯ್ಕೆಯಾದ ಎಂಬ ಷರತ್ತು. ಒಳಗೆ ಬಂದ ಮೇಲೆ ಪ್ರಶ್ನೆಪತ್ರಿಕೆ, ಅಂಕ, ತೇರ್ಗಡೆಯ ಮಟ್ಟ ಎಲ್ಲರಿಗೂ ಒಂದೇ. ನರ್ಸಿಂಗ್ ನೋಂದಣಿ ಮಂಡಳಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಓದು ಉಚಿತ ಎಂಬುದೂ ನಿಜವಲ್ಲ. 1989ರಲ್ಲಿ ಶುಲ್ಕ ಮತ್ತೆ ಬಂತು; ಅಂದಿನಿಂದ ಜಾರಿಯಲ್ಲಿರುವ ಸಾಲ ವ್ಯವಸ್ಥೆಯಡಿ ಇವರೂ ಇತರ ಆಸ್ಟ್ರೇಲಿಯನ್ ವಿದ್ಯಾರ್ಥಿಗಳಂತೆ ಶುಲ್ಕದ ಸಾಲವನ್ನು ಹೊರುತ್ತಾರೆ, ಆದಾಯ ಒಂದು ಮಿತಿಯನ್ನು ದಾಟಿದ ಮೇಲೆ ತೆರಿಗೆಯ ಮೂಲಕ ತೀರಿಸುತ್ತಾರೆ. ಅಬ್‌ಸ್ಟಡಿ ಭತ್ಯೆ ಆದಾಯವನ್ನು ನೋಡಿ ಕೊಡುವಂಥದ್ದು. ಕೆಲಸದಲ್ಲಿದ್ದುಕೊಂಡು ಓದುವವರಿಗೆ ಅದು ಅನೇಕ ವೇಳೆ ಸಿಗುವುದೇ ಇಲ್ಲ, ಸಿಕ್ಕರೂ ಸಂಬಳದ ಜಾಗವನ್ನು ತುಂಬುವುದಿಲ್ಲ. ನಮ್ಮವರಲ್ಲಿ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳಾಗಿ ಇಲ್ಲಿ ಓದಿದ ಅನೇಕರಿದ್ದಾರೆ, ಅವರಲ್ಲಿ ಕೆಲವರಿಗೆ ಈ ಸಾಲವೂ ಸೌಲಭ್ಯದಂತೆ ಕಾಣುವುದು ಸಹಜ. ಆ ಸೌಲಭ್ಯ ನೆರೆಮನೆಯ ಬಿಳಿಯ ಆಸ್ಟ್ರೇಲಿಯನ್‌ಗೂ ಇದೆ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ತರಗತಿಯೊಳಗೆ ನಿಜವಾಗಿ ಕಷ್ಟವಾಗುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊರಗಿನವರು ಊಹಿಸುವುದು ಒಂದು, ಇರುವುದು ಇನ್ನೊಂದು. ಮೊದಲನೆಯದು ಔಷಧ ಪ್ರಮಾಣದ ಲೆಕ್ಕ. ಎಷ್ಟೋ ಕಡೆ ಇದರಲ್ಲಿ ನೂರಕ್ಕೆ ನೂರು ಬರದೆ ಪ್ಲೇಸ್‌ಮೆಂಟಿಗೆ, ಅಂದರೆ ಕೋರ್ಸಿನ ಭಾಗವಾದ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಗೆ, ಬಿಡುವುದಿಲ್ಲ. ಒಂಬತ್ತನೆಯ ತರಗತಿಯ ಗಣಿತವನ್ನು ಮೂವತ್ತೈದು ವರ್ಷಗಳ ಹಿಂದೆ ಬಿಟ್ಟವರ ಮುಂದೆ, 75 ಮಿಲಿಗ್ರಾಂ ಕೊಡಬೇಕು, ಆಂಪ್ಯೂಲಿನಲ್ಲಿ 2 ಮಿಲಿಲೀಟರಿಗೆ 100 ಮಿಲಿಗ್ರಾಂ ಇದೆ, ಎಷ್ಟು ಎಳೆದುಕೊಳ್ಳುತ್ತೀರಿ ಎಂಬ ಪ್ರಶ್ನೆ ಕಾಗದದ ಮೇಲೆ ಬಂದರೆ ಕೈ ನಿಲ್ಲುತ್ತದೆ. ಅದೇ ಆಂಪ್ಯೂಲನ್ನೂ ಸಿರಿಂಜನ್ನೂ ಮೇಜಿನ ಮೇಲಿಟ್ಟರೆ, ಇದು ಪೂರ್ತಿ 100, ನಮಗೆ ಬೇಕಾದ್ದು ಮುಕ್ಕಾಲು, ಅಂದರೆ ಒಂದೂವರೆ ಎಂದು ಸೂತ್ರವಿಲ್ಲದೆ ಹೇಳುತ್ತಾರೆ. ವಾರ್ಡಿನಲ್ಲಿ ಬೇರೆಯವರು ಮಾಡುವುದನ್ನು ಅಷ್ಟು ವರ್ಷ ನೋಡಿದ್ದಾರೆ. ಅಲ್ಲಿಂದ ಸೂತ್ರಕ್ಕೆ ಬರುವುದು ಕೆಲವು ವಾರಗಳ ಕೆಲಸವಷ್ಟೇ, ಸೂತ್ರದಿಂದಲೇ ಆರಂಭಿಸಿದರೆ ಮಾತ್ರ ಅದು ಬೆಟ್ಟವಾಗುತ್ತದೆ. ಇಂಥ ಕಡೆ ಕಲಿಸುವವರ ಕ್ರಮ ತಪ್ಪಿದ್ದನ್ನು ಕಲಿಯುವವರ ದೌರ್ಬಲ್ಯವೆಂದು ಬರೆದಿಡುವುದನ್ನು ನಾನು ಅನೇಕ ಸಲ ನೋಡಿದ್ದೇನೆ, ಮತ್ತು ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಎರಡನೆಯದು ಇದಕ್ಕಿಂತ ಆಳವಾದದ್ದು. ನರ್ಸಿಂಗ್ ಪದವಿಯಲ್ಲಿ ಅಬೊರಿಜಿನಲ್ ಆರೋಗ್ಯದ ಬಗ್ಗೆ ಒಂದು ವಿಷಯ ಎಲ್ಲರಿಗೂ ಕಡ್ಡಾಯ. ಉಪನ್ಯಾಸಕರು ಪರದೆಯ ಮೇಲೆ ಕೋಷ್ಟಕಗಳನ್ನು ತೋರಿಸುತ್ತಾರೆ: ಮಧುಮೇಹ, ಮೂತ್ರಪಿಂಡ ವೈಫಲ್ಯ, ಆತ್ಮಹತ್ಯೆ, ಸೆರೆವಾಸ, ಸರಾಸರಿ ಆಯುಷ್ಯ. 2020–22ರ ಲೆಕ್ಕದಂತೆ ಅಬೊರಿಜಿನಲ್ ಮಹಿಳೆಯರ ನಿರೀಕ್ಷಿತ ಆಯುಷ್ಯ 75.6 ವರ್ಷ, ಇತರ ಮಹಿಳೆಯರಿಗಿಂತ ಸುಮಾರು ಎಂಟು ವರ್ಷ ಕಡಿಮೆ. ಇಪ್ಪತ್ತರ ಹುಡುಗ ಹುಡುಗಿಯರು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಿರುವಾಗ, ಅದೇ ಕೋಣೆಯಲ್ಲಿ ಕೂತ ಐವತ್ತೆರಡರ ಹೆಂಗಸು ಆ ಸಾಲುಗಳಲ್ಲಿ ತನ್ನ ತಮ್ಮನನ್ನು, ದೊಡ್ಡಮ್ಮನನ್ನು, ಕಳೆದ ಚಳಿಗಾಲದಲ್ಲಿ ಹೂತ ಅಳಿಯನನ್ನು ಕಾಣುತ್ತಾಳೆ. ಆಮೇಲೆ ಯಾರಾದರೂ ಅವಳ ಕಡೆ ತಿರುಗಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಆ ವಿಷಯದಲ್ಲಿ ಅವಳು ಅನುತ್ತೀರ್ಣಳಾಗುವುದೂ ಉಂಟು. ಗೊತ್ತಿಲ್ಲದ್ದಕ್ಕಲ್ಲ; ಆ ಪ್ರಬಂಧವನ್ನು ಬರೆಯಲು ಕೂತರೆ ಬರೆಯಲಾಗದ್ದಕ್ಕೆ.

ಉಲ್ಲೇಖದ ಸಮಸ್ಯೆಯೂ ಇದೆ. ಹೆರಿಗೆಯ ಬಗ್ಗೆ ಅಜ್ಜಿಯಿಂದ ಕಲಿತದ್ದನ್ನು ವಿದ್ಯಾರ್ಥಿನಿ ಬರೆದರೆ ಆಧಾರವೆಲ್ಲಿ ಎಂಬ ಕೆಂಪು ಶಾಯಿಯ ಪ್ರಶ್ನೆ ಬರುತ್ತದೆ. ಅದೇ ಸಂಗತಿಯನ್ನು ಮಾನವಶಾಸ್ತ್ರಜ್ಞರೊಬ್ಬರು ಅವಳ ಅಜ್ಜಿಯಂಥವರನ್ನೇ ಕೇಳಿ ಬರೆದಿದ್ದರೆ ಅದು ಆಧಾರವಾಗುತ್ತದೆ. ಹಿರಿಯರ ಮೌಖಿಕ ಜ್ಞಾನವನ್ನು ಉಲ್ಲೇಖಿಸುವ ಕ್ರಮ ಈಗ ಬಳಕೆಗೆ ಬರುತ್ತಿದೆ, ಆದರೆ ಎಲ್ಲ ಮೌಲ್ಯಮಾಪಕರಿಗೂ ಅದು ತಲುಪಿಲ್ಲ.

ತರಗತಿ ತಪ್ಪಿಸುವ ವಿಚಾರ. 2021ರ ಅಂಕಿಅಂಶದಂತೆ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೈಟ್ ದ್ವೀಪಗಳ ಜನರ ನಡುಗಣ ವಯಸ್ಸು 24. ದೇಶದ ಉಳಿದವರದು 38ರ ಮೇಲೆ. ಅಂದರೆ ಮಕ್ಕಳು ಬಹಳ, ಹಿರಿಯರು ಕೆಲವೇ ಮಂದಿ. ಐವತ್ತು ದಾಟಿದ ಒಬ್ಬ ಹೆಂಗಸಿನ ಮೇಲೆ ಬೀಳುವ ಹೊಣೆಯ ಭಾರ ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ. ಸರ್ಕಾರದ ಆರೈಕೆಗೆ ಒಳಪಡುವ ಅಬೊರಿಜಿನಲ್ ಮಕ್ಕಳ ಪ್ರಮಾಣ ಇತರ ಮಕ್ಕಳದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮಗುವನ್ನು ಅಪರಿಚಿತರ ಮನೆಗೆ ಕಳುಹಿಸಬಾರದೆಂದರೆ ಅಜ್ಜಿಯೊಬ್ಬಳು ರಾತ್ರೋರಾತ್ರಿ ಒಪ್ಪಿಕೊಳ್ಳಬೇಕು, ಅದು ಪರೀಕ್ಷೆಯ ಹಿಂದಿನ ರಾತ್ರಿಯಾದರೂ ಸರಿ. ಸಾವಿನ ಕಾರ್ಯಗಳಿಗೆ ಹೋಗುವುದು ಇಲ್ಲಿ ಇಷ್ಟವಿದ್ದರೆ ಮಾಡುವ ಸೌಜನ್ಯವಲ್ಲ, ಬಿಡಲಾಗದ ಕರ್ತವ್ಯ. ಕೆಲವು ಸಮುದಾಯಗಳಲ್ಲಿ ಅದು ವಾರಗಳ ಕಾಲ ನಡೆಯುತ್ತದೆ. ವಿಶ್ವವಿದ್ಯಾಲಯದ ಅರ್ಜಿ ನಮೂನೆ ಹತ್ತಿರದ ಕುಟುಂಬ ಎಂದರೆ ತಂದೆ, ತಾಯಿ, ಗಂಡ, ಮಕ್ಕಳು ಎಂದು ಗೆರೆ ಎಳೆಯುತ್ತದೆ. ತಾಯಿಯ ಅಕ್ಕ ತಂಗಿಯರೂ ತಾಯಂದಿರೇ, ಅವರ ಮಕ್ಕಳೆಲ್ಲ ಒಡಹುಟ್ಟಿದವರೇ ಎಂಬ ನೆಂಟಸ್ತಿಕೆ ಆ ನಮೂನೆಯಲ್ಲಿ ಹಿಡಿಸುವುದಿಲ್ಲ. ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳನ್ನು ಅಣ್ಣ ತಂಗಿಯರೆಂದೇ ಎಣಿಸುವ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಇಲ್ಲಿಯವರಿಗಿಂತ ಸುಲಭವಾಗಬೇಕು.

ಈ ಬದುಕಿಗೆ ಹೊಂದುವಂತೆ ಓದನ್ನು ಜೋಡಿಸಿದ ಕಡೆ ಫಲಿತಾಂಶ ಬೇರೆಯೇ ಆಗುತ್ತದೆ. ಜೀಲಾಂಗ್‌ನ ಡೀಕಿನ್ ವಿಶ್ವವಿದ್ಯಾಲಯ 1986ರಿಂದ ಕೂರಿ (ಆಗ್ನೇಯ ಆಸ್ಟ್ರೇಲಿಯಾದ ಅಬೊರಿಜಿನಲ್) ಸಮುದಾಯದ ಶಿಕ್ಷಕರ ತರಬೇತಿಯಿಂದ ಆರಂಭಿಸಿ, ವಿದ್ಯಾರ್ಥಿಗಳು ತಮ್ಮ ಊರಿನಲ್ಲೇ ಇದ್ದು ಓದಿ, ಸೆಮಿಸ್ಟರಿಗೆ ಕೆಲವು ಸಲ ಒಂದೆರಡು ವಾರ ಕ್ಯಾಂಪಸ್ಸಿಗೆ ಬರುವ ಪದ್ಧತಿಯನ್ನು ಬೆಳೆಸಿತು. ಉತ್ತರ ಪ್ರಾಂತ್ಯದಲ್ಲಿ ಬ್ಯಾಚಲರ್ ಎಂಬ ಊರಿನ ಹೆಸರು ಹೊತ್ತ ಬ್ಯಾಚಲರ್ ಇನ್‌ಸ್ಟಿಟ್ಯೂಟ್ ಅಬೊರಿಜಿನಲ್ ಶಾಲಾ ಸಹಾಯಕರ ತರಬೇತಿಯಿಂದ ಹುಟ್ಟಿ, ಸಮುದಾಯದ ಜ್ಞಾನ ಮತ್ತು ವಿಶ್ವವಿದ್ಯಾಲಯದ ಜ್ಞಾನ ಎರಡನ್ನೂ ಜೊತೆಗಿಟ್ಟು ಕಲಿಸುವ ಕ್ರಮವನ್ನು ರೂಪಿಸಿಕೊಂಡಿತು. ಊರಿನಿಂದ ಬಂದು ಹೋಗುವ ಪ್ರಯಾಣ, ವಸತಿ, ಊಟಗಳ ವೆಚ್ಚಕ್ಕೆ ಕೇಂದ್ರದ ನೆರವಿದೆ. ಹೀಗೆ ಊರಿನಲ್ಲಿದ್ದು, ಆಗಾಗ ಬಂದು ಓದುವ ಕ್ರಮವನ್ನು ಬ್ಲಾಕ್ ತರಗತಿ ಎನ್ನುತ್ತಾರೆ.

ನಮ್ಮ ಕಡೆ ಮನೆಗೆ ಪುಸ್ತಕ ಬರುವ ದೂರಶಿಕ್ಷಣದಂತೆ ಇದು ಅಲ್ಲ. ಭಾನುವಾರ ಸಂಜೆ ಬೇರೆ ಬೇರೆ ದಿಕ್ಕಿನಿಂದ ಬಂದ ಹತ್ತು ಹದಿನೈದು ಹೆಂಗಸರು ಒಂದೇ ವಸತಿಯಲ್ಲಿ ಇಳಿಯುತ್ತಾರೆ, ಜೊತೆಗೆ ಬಿಟ್ಟು ಬರಲಾಗದ ಒಂದಿಬ್ಬರು ಮಕ್ಕಳೂ ಇರುತ್ತವೆ. ಹಗಲೆಲ್ಲ ತರಗತಿ, ರಾತ್ರಿ ಅಡುಗೆಮನೆಯ ಮೇಜಿನ ಸುತ್ತ ಲ್ಯಾಪ್‌ಟಾಪ್ ತೆರೆದು, ಒಬ್ಬರ ಅಸೈನ್‌ಮೆಂಟಿನ ಪ್ರಶ್ನೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ, ಅದು ಕೇಳುತ್ತಿರುವುದೇನು ಎಂದು ಎಲ್ಲರೂ ಸೇರಿ ಬಿಡಿಸುತ್ತಾರೆ. ಒಬ್ಬಳು ಈ ಸಲ ಬರದಿದ್ದರೆ ಏಕೆ ಬರಲಿಲ್ಲವೆಂಬುದು ಉಳಿದವರಿಗೆ ಮೊದಲೇ ಗೊತ್ತಿರುತ್ತದೆ, ಅವಳ ಟಿಪ್ಪಣಿಯನ್ನು ಯಾರೋ ತೆಗೆದಿಟ್ಟಿರುತ್ತಾರೆ. ಮುನ್ನೂರು ಮಂದಿಯ ಉಪನ್ಯಾಸ ಸಭಾಂಗಣದಲ್ಲಿ ಒಬ್ಬಳೇ ಅಬೊರಿಜಿನಲ್ ಆಗಿ ಕೂತು ಮೌನವಾಗಿದ್ದ ಹೆಂಗಸು ಇಲ್ಲಿ ಮಾತಾಡುವುದನ್ನು ಕೇಳಿದರೆ, ಇವರ ಮೌನವನ್ನು ಅಜ್ಞಾನವೆಂದು ತಿಳಿದವರು ಎಷ್ಟು ತಪ್ಪಿದ್ದರೆಂದು ಗೊತ್ತಾಗುತ್ತದೆ. ಪ್ರತಿ ವಿಶ್ವವಿದ್ಯಾಲಯದಲ್ಲಿಯೂ ಈಗ ಇರುವ ಮೂಲನಿವಾಸಿ ವಿದ್ಯಾರ್ಥಿ ಕೇಂದ್ರಗಳು ಇದೇ ಕೆಲಸದ ಒಂದಂಶವನ್ನು ಮಾಡುತ್ತವೆ. ಅವುಗಳ ಅನುದಾನ ಕಡಿತವಾದಾಗಲೆಲ್ಲ ಮೊದಲು ಓದು ಬಿಟ್ಟು ಹೋಗುವವರು ಈ ಅಜ್ಜಿಯರೇ.

ಮುಗಿಸುವುದಿಲ್ಲ ಎಂಬ ಮಾತಿನಲ್ಲಿ ಅರೆಸತ್ಯವಿದೆ. ಪದವಿಗೆ ಸೇರಿದ ಒಂಬತ್ತು ವರ್ಷಗಳೊಳಗೆ ಮುಗಿಸುವವರ ಪ್ರಮಾಣ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧ. ಇತರರಲ್ಲಿ ಸುಮಾರು ಮುಕ್ಕಾಲು. ಈ ಅಂತರ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಿಟ್ಟವರಲ್ಲಿ ಅನೇಕರು ಮತ್ತೆ ಬರುತ್ತಾರೆ, ಬೇರೆ ಕೋರ್ಸಿಗೆ ಸೇರುತ್ತಾರೆ, ಒಂದು ಸಾವಿನ ವರ್ಷವನ್ನು ದಾಟಿ ಮುಂದುವರಿಯುತ್ತಾರೆ. ಪ್ರೊಫೆಸರ್ ಲರಿಸಾ ಬೆರೆಂಟ್ ಅಧ್ಯಕ್ಷತೆಯ ಸಮಿತಿ 2012ರಲ್ಲಿ ಕೊಟ್ಟ ವರದಿಯ ಮುಖ್ಯ ಮಾತು ನನಗೆ ಇಂದಿಗೂ ಸರಿಯೆನಿಸುತ್ತದೆ: ಈ ವಿದ್ಯಾರ್ಥಿಗಳ ಯಶಸ್ಸು ಮೂಲನಿವಾಸಿ ಕೇಂದ್ರವೊಂದರ ಹೊಣೆಯಾಗಿ ಉಳಿಯಬಾರದು, ಬೋಧನಾ ವಿಭಾಗಗಳೂ ಇಡೀ ವಿಶ್ವವಿದ್ಯಾಲಯವೂ ಅದನ್ನು ಹೊರಬೇಕು.

ನರ್ಸಿಂಗಿನಲ್ಲಿ ಹೆಚ್ಚಿನವರು ಎಡವುವ ಜಾಗ ಪ್ಲೇಸ್‌ಮೆಂಟ್. ಪದವಿಗೆ ಕನಿಷ್ಠ 800 ಗಂಟೆಗಳ ಕ್ಲಿನಿಕಲ್ ಅನುಭವ ಬೇಕು, ಅದಕ್ಕೆ ಸಂಬಳವಿಲ್ಲ. ಅಂದರೆ ಸುಮಾರು ಇಪ್ಪತ್ತು ವಾರಗಳ ಪೂರ್ಣಾವಧಿ ದುಡಿಮೆಯನ್ನು, ಇರುವ ನೌಕರಿಗೆ ರಜೆ ಹಾಕಿ, ಬಾಡಿಗೆಯನ್ನೂ ಮೊಮ್ಮಕ್ಕಳ ಖರ್ಚನ್ನೂ ಕಟ್ಟುತ್ತಲೇ ಮಾಡಬೇಕು. ಹತ್ತೊಂಬತ್ತರ ಹುಡುಗಿ ಅಪ್ಪ ಅಮ್ಮನ ಮನೆಯಲ್ಲಿದ್ದು ಇದನ್ನು ಸಾಗಿಸಬಲ್ಲಳು. 2025ರ ಜುಲೈನಿಂದ ನರ್ಸಿಂಗ್, ಮಿಡ್‌ವೈಫರಿ (ಹೆರಿಗೆ ಶುಶ್ರೂಷೆ), ಬೋಧನೆ ಮತ್ತು ಸಮಾಜಕಾರ್ಯದ ಅರ್ಹ ವಿದ್ಯಾರ್ಥಿಗಳಿಗೆ ಪ್ಲೇಸ್‌ಮೆಂಟ್ ಅವಧಿಯಲ್ಲಿ ವಾರಕ್ಕೆ ಸುಮಾರು 330 ಡಾಲರ್ ಸಿಗುತ್ತಿದೆ. ಹಿಂದೆ ಏನೂ ಇಲ್ಲದಿದ್ದುದಕ್ಕೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ, ಆದರೂ ಒಂದು ಮನೆ ಇದರಲ್ಲಿ ನಡೆಯುವುದಿಲ್ಲ.

ನೀವು ಮಾಡಬಹುದಾದದ್ದು ಈ ಕಷ್ಟಗಳ ಪಕ್ಕದಲ್ಲೇ ಇದೆ. ಸೀಟಿನ ಬಗ್ಗೆ, ಶುಲ್ಕದ ಬಗ್ಗೆ ಟೀ ಕೋಣೆಯಲ್ಲಿ ಮಾತು ಬಂದಾಗ ಮೇಲೆ ಹೇಳಿದ ಸಂಗತಿಗಳನ್ನು ನೇರವಾಗಿ ಹೇಳಿ. ಆ ಕೆಲಸ ಪ್ರತಿ ಸಲ ಅವರ ತಲೆಯ ಮೇಲೇ ಬೀಳಬಾರದು. ಅವರ ಸಮುದಾಯದ ಬಗ್ಗೆ ತಿಳಿಯುವ ಆಸೆಯಿದ್ದರೆ ಅವರನ್ನು ಪಾಠ ಹೇಳುವವರನ್ನಾಗಿ ಮಾಡದೆ, ಸಾರ್ವಜನಿಕವಾಗಿ ಲಭ್ಯವಿರುವುದನ್ನು ಓದಿಕೊಳ್ಳಿ. ಅವರಾಗಿ ಹೇಳಿದಾಗ ಕೇಳಿ. ಅಬೊರಿಜಿನಲ್ ಆರೋಗ್ಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರದ ಪಗ್ಗಿ ಹಂಟರ್ ಸ್ಮಾರಕ ವಿದ್ಯಾರ್ಥಿವೇತನವಿದೆ, ಮೂಲನಿವಾಸಿ ನರ್ಸ್ ಮತ್ತು ಮಿಡ್‌ವೈಫ್‌ಗಳ ರಾಷ್ಟ್ರೀಯ ಸಂಘಟನೆಯಾದ ಕ್ಯಾಟ್ಸಿನಮ್ 1997ರಿಂದ ಇದೆ; ಅವರಿಗೆ ಇವು ಗೊತ್ತಿರುವ ಸಾಧ್ಯತೆಯೇ ಹೆಚ್ಚು, ಆದರೂ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಲೆಕ್ಕದ ವಿಷಯದಲ್ಲಿ ಅವರು ಒಪ್ಪಿದರೆ, ಔಷಧ ಕೋಣೆಯಲ್ಲಿ ನೀವು ಲೆಕ್ಕ ಹಾಕುವಾಗ ಅದನ್ನು ಬಾಯಿಬಿಟ್ಟು ಹೇಳುತ್ತ ಮಾಡಿ, ಉತ್ತರವನ್ನು ಅವರು ಹೇಳುವವರೆಗೆ ಕಾಯಿರಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ರೋಸ್ಟರ್, ಅಂದರೆ ಪಾಳಿಯ ಪಟ್ಟಿ. ಬ್ಲಾಕ್ ವಾರಗಳು ಮತ್ತು ಪ್ಲೇಸ್‌ಮೆಂಟ್ ದಿನಾಂಕಗಳು ಸೆಮಿಸ್ಟರಿನ ಆರಂಭದಲ್ಲೇ ಪ್ರಕಟವಾಗುತ್ತವೆ. ಅವು ಬಂದ ವಾರವೇ ಅವರೊಂದಿಗೆ ಕೂತು ದಿನಾಂಕಗಳನ್ನು ಬರೆದುಕೊಂಡು, ಅವರ ಒಪ್ಪಿಗೆಯಿದ್ದರೆ ಇಬ್ಬರೂ ಸೇರಿ ನರ್ಸ್ ಮ್ಯಾನೇಜರ್ ಬಳಿ ಹೋಗಿ. ಅಧ್ಯಯನ ರಜೆ, ಸಾಂಸ್ಕೃತಿಕ ರಜೆ ಎಷ್ಟಿದೆ, ಪ್ಲೇಸ್‌ಮೆಂಟ್ ಸಮಯದಲ್ಲಿ ಕೆಲಸದ ಗಂಟೆಗಳನ್ನು ವಾರಾಂತ್ಯಕ್ಕೆ ಸರಿಸಬಹುದೇ, ನಿಮ್ಮದೇ ಆಸ್ಪತ್ರೆಯ ಬೇರೆ ವಾರ್ಡಿನಲ್ಲಿ ಪ್ಲೇಸ್‌ಮೆಂಟ್ ಕೊಡಿಸಿದರೆ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತು ಹೊಂದುತ್ತದೆಯೇ ಎಂಬುದನ್ನೆಲ್ಲ ಲಿಖಿತವಾಗಿ ಕೇಳಿ. ಅವರ ಬೆಳಗಿನ ಪಾಳಿಯಲ್ಲಿ ಒಂದೆರಡನ್ನು ನೀವು ತೆಗೆದುಕೊಂಡು ನಿಮ್ಮ ಭಾನುವಾರದ್ದನ್ನು ಅವರಿಗೆ ಕೊಡುವ ಅದಲುಬದಲು ನಿಮಗೂ ಒಗ್ಗುವುದಾದರೆ, ಅದನ್ನೂ ಆ ಪತ್ರದಲ್ಲೇ ಸೇರಿಸಿ.